ದಾರಿಹೋಕನ ಹಕ್ಕು: ದಿಯತ್‌ನಿಂದ ಮೋಟಾರು ವಾಹನ ಕಾಯ್ದೆಯವರೆಗೆ



ರಸ್ತೆ ದಾಟುವಾಗ ಕಾರು ಬಡಿದು ತೀರಿಕೊಂಡವರ ಮನೆಗೆ ಹೋದಾಗೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಹಜರತ್, ಸತ್ತವರ ಹೆಸರಲ್ಲಿ ದುಡ್ಡು ತಗೊಳ್ಳೋದು ಜಾಯಿಜಾ?” ಈ ಅಳುಕಿನಿಂದಲೇ ಎಷ್ಟೋ ವಿಧವೆಯರು ಕೈಗೆ ಬಂದಷ್ಟು ಪಡೆದು ರಾಜಿಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಾರೆ. ಉತ್ತರಕ್ಕಾಗಿ ಸ್ವಲ್ಪ ಇತಿಹಾಸ ನೋಡೋಣ.

ಕೈತಪ್ಪಿ ಒಬ್ಬನ ಪ್ರಾಣ ಹೋದರೆ ಎರಡು ಹೊಣೆ ಇವೆಯೆಂದು ಸೂರಃ ಅನ್ನಿಸಾದ 92ನೇ ಆಯತ್ ಕಲಿಸುತ್ತದೆ. ಅಲ್ಲಾಹನ ಮುಂದೆ ಕಫ್ಫಾರಾ, ಮೃತನ ಮನೆಯವರಿಗೆ ದಿಯತ್. ಮನೆಯವರು ಮನಸಾರೆ ಬಿಟ್ಟುಕೊಡಬಹುದು. ಅವರ ಪರವಾಗಿ ಊರಿನವರು ಬಿಟ್ಟುಕೊಡುವಂತಿಲ್ಲ. ಪ್ರವಾದಿ(ಸ)ರ ಕಾಲದಲ್ಲಿ ದಿಯತ್ 100 ಒಂಟೆ. ಒಂಟೆಯ ಬೆಲೆ ಏರಿದಾಗ ಹಜರತ್ ಉಮರ್(ರ) ಚಿನ್ನ ಬಳಸುವವರಿಗೆ 1000 ದೀನಾರ್ ಎಂದು ನಿಗದಿ ಮಾಡಿದರು. ಕುಲದವರೆಲ್ಲ ಸೇರಿ ಹೊರುತ್ತಿದ್ದ ಈ ಭಾರವನ್ನು ಸೈನ್ಯದ ದಫ್ತರಿನಲ್ಲಿ ಹೆಸರಿದ್ದವರ ಮೇಲೂ ಹಂಚಿದರು. ಒಬ್ಬನ ಬಡತನದಿಂದ ಇನ್ನೊಂದು ಮನೆ ಬರಿಗೈಯಲ್ಲಿ ಉಳಿಯಬಾರದೆಂಬುದೇ ಇದರ ಹಿಂದಿನ ಕಾಳಜಿ.

12ನೇ ಶತಮಾನದ ಹನಫಿ ಗ್ರಂಥ ‘ಹಿದಾಯಾ’ದಲ್ಲಿ ಸವಾರನ ಬಗ್ಗೆಯೇ ಒಂದು ಅಧ್ಯಾಯವಿದೆ. ಸಾರ್ವಜನಿಕ ದಾರಿಯಲ್ಲಿ ಹೋಗುವ ಹಕ್ಕು ಎಲ್ಲರಿಗೂ ಉಂಟು, ಆದರೆ ಬೇರೆಯವರಿಗೆ ಅಪಾಯವಾಗಬಾರದೆಂಬ ಷರತ್ತಿನ ಮೇಲೆ. ಕುದುರೆ ಮುಂಗಾಲಿನಿಂದ ತುಳಿದರೆ ಸವಾರ ಹೊಣೆ. ಹಿಂಗಾಲಿನಿಂದ ಒದ್ದರೆ ಹೊಣೆಯಲ್ಲ. ಆದರೆ ದಾರಿಯಲ್ಲಿ ನಿಲ್ಲಿಸಿಕೊಂಡಿದ್ದರೆ ಅದಕ್ಕೂ ಹೊಣೆ!

1792ರಲ್ಲಿ ನಮ್ಮ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಕಾರ್ನ್‌ವಾಲಿಸ್ ಅದೇ ವರ್ಷಗಳಲ್ಲಿ ಬಂಗಾಳದ ಕಂಪನಿ ಕೋರ್ಟುಗಳನ್ನೂ ಬದಲಿಸಿದ. ಕೊಲೆ ಮೊಕದ್ದಮೆಯಲ್ಲಿ ವಾರಸುದಾರರ ಮಾತಿಗೆ ಬೆಲೆ ಹೋಯಿತು, ಕ್ರಮೇಣ ದಿಯತ್‌ನ ಜಾಗಕ್ಕೆ ಸೆರೆವಾಸ ಬಂತು. ತಪ್ಪು ಮಾಡಿದವನಿಗೆ ಶಿಕ್ಷೆಯಾಯಿತು, ಮನೆಯವರಿಗೆ ಏನೂ ಸಿಗಲಿಲ್ಲ.

1855ರ ಮಾರಣಾಂತಿಕ ಅಪಘಾತ ಕಾಯ್ದೆ ಹೆಂಡತಿ, ಮಕ್ಕಳು, ತಂದೆತಾಯಿಗೆ ಪರಿಹಾರದ ಹಕ್ಕು ಕೊಟ್ಟಿತು. ಆದರೆ ಎದುರಾಳಿಯ ತಪ್ಪನ್ನು ಅವರೇ ಸಾಬೀತುಪಡಿಸಬೇಕಿತ್ತು. 1939ರ ಮೋಟಾರು ವಾಹನ ಕಾಯ್ದೆ ಮೂರನೇ ವ್ಯಕ್ತಿಯ ವಿಮೆಯನ್ನು ಕಡ್ಡಾಯಗೊಳಿಸಿತು. 1956ರ ತಿದ್ದುಪಡಿ ಪ್ರತ್ಯೇಕ ನ್ಯಾಯಮಂಡಳಿಗಳಿಗೆ ದಾರಿ ಮಾಡಿತು. 1982ರಲ್ಲಿ, ಯಾರ ತಪ್ಪೆಂದು ನೋಡದೆಯೇ ಸಾವಿಗೆ 15,000 ರೂಪಾಯಿ ಕೊಡಬೇಕೆಂದಾಯಿತು. ಟೈರ್ ಸಿಡಿದು ಉರುಳಿದ ಜೀಪಿನಿಂದ ದಾರಿಹೋಕರೊಬ್ಬರು ತೀರಿಕೊಂಡ ಪ್ರಕರಣದಲ್ಲಿ, ಚಾಲಕನ ತಪ್ಪಿಲ್ಲದಿದ್ದರೂ ವಾಹನದ ಮಾಲೀಕ ಹೊಣೆಯೆಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿತು. ಹಿದಾಯಾದ ಸವಾರನ ನೆನಪಾಗುವುದಿಲ್ಲವೇ?

ಇಂದು ಶ್ರೀರಂಗಪಟ್ಟಣದ ಪಕ್ಕದಲ್ಲೇ ಬೆಂಗಳೂರು–ಮೈಸೂರು ಹೆದ್ದಾರಿ, ನಾಗಮಂಗಲ ತಾಲ್ಲೂಕಿನಲ್ಲಿ ಮಂಗಳೂರು ಹೆದ್ದಾರಿ. ಆದ್ದರಿಂದ ಇಷ್ಟು ನೆನಪಿಡಿ. ಮೊದಲು ಪೊಲೀಸ್ ದೂರು ಆಗಲಿ. ರಸ್ತೆಬದಿ ರಾಜಿ ಬೇಡ. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ನೀವು ವಾಸವಿರುವ ಕಡೆಯೂ ಹಾಕಬಹುದು. ತಪ್ಪನ್ನು ಸಾಬೀತುಪಡಿಸದೆಯೇ ಸಾವಿಗೆ 5 ಲಕ್ಷ, ಗಂಭೀರ ಗಾಯಕ್ಕೆ 2.5 ಲಕ್ಷ ಕೇಳುವ ದಾರಿಯೂ ಇದೆ. ಗುದ್ದಿದ ಗಾಡಿ ಪತ್ತೆಯೇ ಆಗದಿದ್ದರೆ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50,000 ರೂಪಾಯಿ. ಇದರ ಅರ್ಜಿ ಕಂದಾಯ ಅಧಿಕಾರಿಗೆ. ಕೆ.ಆರ್. ಪೇಟೆ ಸೇರಿ ನಮ್ಮ ನಾಲ್ಕೂ ತಾಲ್ಲೂಕುಗಳು ಪಾಂಡವಪುರ ಉಪವಿಭಾಗದಲ್ಲೇ ಇವೆ. ಮಹಿಳೆಯರಿಗೆ ಕಾನೂನು ಸೇವಾ ಸಮಿತಿಯ ವಕೀಲರ ನೆರವು ಉಚಿತ.

ಆದ್ದರಿಂದ ಆ ತಾಯಂದಿರಿಗೆ ಹೇಳುತ್ತೇನೆ: ಇದು ಸತ್ತವರ ಬೆಲೆಯಲ್ಲ, ಉಳಿದವರ ಹಕ್ಕು. ಅನಾಥ ಮಕ್ಕಳ ಪಾಲನ್ನು ಸಂಕೋಚಕ್ಕೆ ಬಿಡಬೇಡಿ.

ಗಾಡಿ ಓಡಿಸುವ ಯುವಕರಿಗೂ ಒಂದು ಮಾತು. ವಿಮಾ ಕಂಪನಿ ದುಡ್ಡು ಕಟ್ಟಬಹುದು. ಕಫ್ಫಾರಾದ ಸತತ ಎರಡು ತಿಂಗಳ ಉಪವಾಸವನ್ನು ಯಾವ ಕಂಪನಿಯೂ ನಿಮ್ಮ ಪರವಾಗಿ ಹಿಡಿಯದು. ಗುದ್ದಿ ಓಡಿಹೋಗಬೇಡಿ, ಬಿದ್ದವರನ್ನು ಮೊದಲು ಆಸ್ಪತ್ರೆಗೆ ಸೇರಿಸಿ.

ಅಲ್ಲಾಹನು ನಮ್ಮ ದಾರಿಗಳನ್ನು ಸುರಕ್ಷಿತವಾಗಿಡಲಿ. ಆಮೀನ್.