ಪ್ಯಾರಿಸ್ ಮುತ್ತಿಗೆಯೂ ಮಧುಮೇಹದ ಪಥ್ಯವೂ

1870ರ ಸೆಪ್ಟೆಂಬರ್ 19ರಂದು ಪ್ರಷ್ಯದ ಸೇನೆಯು ಪ್ಯಾರಿಸ್ ನಗರವನ್ನು ಸಂಪೂರ್ಣವಾಗಿ ಸುತ್ತುವರಿಯಿತು. ಮರುವರ್ಷದ ಜನವರಿ 28ರವರೆಗೆ, ನಾಲ್ಕು ತಿಂಗಳಿಗೂ ಮಿಗಿಲಾಗಿ, ನಗರಕ್ಕೆ ಆಹಾರ ಬರುವ ದಾರಿಗಳೆಲ್ಲ ಮುಚ್ಚಿಹೋದವು. ಕುದುರೆಗಳನ್ನು ತಿಂದ ಜನರು ನಾಯಿ, ಬೆಕ್ಕು, ಇಲಿಗಳಿಗೂ ಕೈಹಾಕಿದರು; ಮೃಗಾಲಯದ ಎರಡು ಆನೆಗಳೂ ಮಾಂಸದಂಗಡಿಯ ಪಾಲಾದವು. ಜನವರಿಯಲ್ಲಿ ವಯಸ್ಕರೊಬ್ಬರಿಗೆ ದಿನಕ್ಕೆ 300 ಗ್ರಾಂ ಬ್ರೆಡ್ಡಿನ ಪಡಿತರವಷ್ಟೇ ಉಳಿಯಿತು. ಹಸಿವು ಮತ್ತು ಚಳಿಯಿಂದ ಸತ್ತವರಲ್ಲಿ ಎಳೆಯ ಮಕ್ಕಳೂ ವೃದ್ಧರೂ ಅನೇಕರಿದ್ದರು. ಇಂಥ ದುರ್ಭಿಕ್ಷದ ನಡುವೆ, ಪ್ಯಾರಿಸ್ ವೈದ್ಯವಿದ್ಯಾಲಯದಲ್ಲಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅಪೊಲಿನೇರ್ ಬುಶಾರ್ದಾ ಎಂಬ ವೃದ್ಧ ವಿದ್ವಾಂಸರು ಒಂದು ವಿಚಿತ್ರವನ್ನು ಗಮನಿಸಿದರು. ಅವರ ಮಧುಮೇಹ ರೋಗಿಗಳಲ್ಲಿ ಕೆಲವರ ಮೂತ್ರದಿಂದ ಸಕ್ಕರೆಯು ಕಾಣೆಯಾಗುತ್ತಿತ್ತು. ಊರಿಗೆ ಊರೇ ಬಳಲುತ್ತಿರುವಾಗ ಈ ರೋಗಿಗಳು ಮಾತ್ರ ಸುಧಾರಿಸುತ್ತಿದ್ದರು.

ನಡುವಯಸ್ಸಿನಲ್ಲಿ ತಲೆದೋರುವ ಮಧುಮೇಹವನ್ನು, ಇಂದು ವೈದ್ಯರು ಟೈಪ್ 2 ಎಂದು ಕರೆಯುವ ಬಗೆಯನ್ನು, ಆಹಾರದ ನಿಯಂತ್ರಣದಿಂದಲೂ ತೂಕದ ಇಳಿಕೆಯಿಂದಲೂ ಹಿಡಿತಕ್ಕೆ ತರಬಹುದೆಂಬ ಅರಿವು ಹೊಸತೇನೂ ಅಲ್ಲ. ನಮ್ಮ ನಾಡಿನ ಸುಶ್ರುತ ಸಂಹಿತೆಯು ಪ್ರಮೇಹವನ್ನು ಹುಟ್ಟಿನಿಂದ ಬಂದದ್ದು, ಅಪಥ್ಯದಿಂದ ಬಂದದ್ದು ಎಂದು ಎರಡಾಗಿ ವಿಂಗಡಿಸುತ್ತದೆ. ಮೊದಲನೆಯ ರೋಗಿ ಕೃಶನು, ಎರಡನೆಯವನು ಸ್ಥೂಲನು. ಸ್ಥೂಲನಿಗೆ ಅದು ವಿಧಿಸುವ ಚಿಕಿತ್ಸೆಯಂತೂ ಓದಲು ಸ್ವಾರಸ್ಯಕರವಾಗಿದೆ. ಬಡವನಾದರೆ ಪಾದರಕ್ಷೆಯಿಲ್ಲದೆ, ಕೊಡೆಯಿಲ್ಲದೆ, ಭಿಕ್ಷೆಯುಣ್ಣುತ್ತಾ, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತಾ ನೂರು ಯೋಜನ ನಡೆಯಬೇಕು. ಧನಿಕನಾದರೆ ಶ್ಯಾಮಾಕ, ನೀವಾರ ಮೊದಲಾದ ಕಾಡುಧಾನ್ಯಗಳನ್ನೂ ನೆಲ್ಲಿ, ಬೇಲದ ಕಾಯಿಗಳನ್ನೂ ತಿಂದುಕೊಂಡು ಜಿಂಕೆಗಳೊಡನೆ ಅಲೆಯಬೇಕು. ಇಲ್ಲವೇ ಹೊಲ ಉಳಬೇಕು, ಬಾವಿ ತೋಡಬೇಕು. ಬಾವಿ ತೋಡುವವನಿಗೆ ಬೊಜ್ಜು ಉಳಿಯುವುದು ಕಷ್ಟವೆಂದು ಬೇರೆ ಹೇಳಬೇಕಾಗಿಲ್ಲ.

ಯೂರೋಪಿನಲ್ಲಿ ಈ ದಾರಿಯನ್ನು ಮೊದಲು ಕ್ರಮವಾಗಿ ಹಿಡಿದವರು ಬ್ರಿಟಿಷ್ ಸೇನೆಯ ಶಸ್ತ್ರವೈದ್ಯ ಜಾನ್ ರೊಲೊ. 1797ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಕ್ಯಾಪ್ಟನ್ ಮೆರೆಡಿತ್ ಎಂಬ ಸ್ಥೂಲಕಾಯದ ಅಧಿಕಾರಿಗೆ ಮಾಂಸಪ್ರಧಾನವಾದ ಪಥ್ಯವನ್ನು ಕೊಟ್ಟು ಗುಣಪಡಿಸಿದ ವೃತ್ತಾಂತವನ್ನು ವಿವರಿಸಿದರು. ಆ ಪಥ್ಯದಲ್ಲಿ ಹಳಸಿದ ಕೊಬ್ಬು, ರಕ್ತದ ಕಡುಬು ಮುಂತಾದವುಗಳಿದ್ದವು. ಹಸಿವನ್ನೇ ಕೊಲ್ಲುವಂಥ ಊಟ ಅದು. ಬಹುಶಃ ಅದರ ಗುಣವೂ ಅದರಲ್ಲೇ ಅಡಗಿತ್ತು.

ಮತ್ತೆ ಬುಶಾರ್ದಾ ಅವರತ್ತ ತಿರುಗೋಣ. ಮುತ್ತಿಗೆ ಕಲಿಸಿದ ಪಾಠವನ್ನು ಅವರು 1875ರಲ್ಲಿ ಪ್ರಕಟಿಸಿದ ಮಧುಮೇಹದ ಗ್ರಂಥದಲ್ಲಿ ಚಿಕಿತ್ಸಾಕ್ರಮವಾಗಿಯೇ ರೂಪಿಸಿದರು. ಸಾಧ್ಯವಾದಷ್ಟು ಕಡಿಮೆ ತಿನ್ನಬೇಕು, ಬ್ರೆಡ್ಡಿನ ಬದಲು ಹಸಿರು ತರಕಾರಿಯನ್ನು ತಿನ್ನಬೇಕು, ಆಗಾಗ ಉಪವಾಸವಿರಬೇಕು, ಮೈ ಮುರಿದು ದುಡಿಯಬೇಕು. ರೋಗಿಯು ತನ್ನ ಮೂತ್ರವನ್ನು ತಾನೇ ಪರೀಕ್ಷಿಸಿಕೊಳ್ಳಬೇಕೆಂದು ಕಲಿಸಿದವರೂ ಅವರೇ. ಬ್ರೆಡ್ಡಿಗಾಗಿ ಹಂಬಲಿಸಿದ ರೋಗಿಯೊಬ್ಬನಿಗೆ ಅವರು ಆದಿಕಾಂಡದಲ್ಲಿ ದೇವರು ಆದಾಮನಿಗೆ ಬೆವರನ್ನೂ ರೊಟ್ಟಿಯನ್ನೂ ಕುರಿತು ಆಡಿದ ಮಾತನ್ನು ನೆನಪಿಸಿದರೆಂದು ಹೇಳುತ್ತಾರೆ. ಏದೆನ್ ತೋಟದ ಶಾಪವು ವೈದ್ಯರ ಚೀಟಿಯಲ್ಲಿ ಔಷಧಿಯಾದ ಪ್ರಸಂಗ ಇದೊಂದೇ ಇರಬೇಕು!

ಆದರೆ ಒಳ್ಳೆಯ ಚಿಕಿತ್ಸೆಯೂ ಕಠೋರವಾದವರ ಕೈಗೆ ಸಿಕ್ಕರೆ ದಂಡನೆಯಾಗುತ್ತದೆ. ಇಟಲಿಯ ನೇಪಲ್ಸ್‌ನಲ್ಲಿ ಅರ್ನಾಲ್ಡೊ ಕಾಂತಾನಿ ಎಂಬ ವೈದ್ಯರು ರೋಗಿಗಳು ಕದ್ದು ತಿನ್ನದಿರಲೆಂದು ಅವರನ್ನು ಕೋಣೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ರೋಗಿಯನ್ನು ಅಪರಾಧಿಯಂತೆ ಕಾಣುವ ಈ ದೃಷ್ಟಿ ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ಒಂದೇ ಮನೆಯಲ್ಲಿ ಒಂದೇ ಊಟ ಉಂಡ ಇಬ್ಬರು ಸೋದರರಲ್ಲಿ ಒಬ್ಬರಿಗೆ ಮಾತ್ರ ರೋಗ ಬರುವುದನ್ನು ಕಂಡವರು ಅಷ್ಟು ಸುಲಭವಾಗಿ ತೀರ್ಪು ಕೊಡಲಾರರು.

ಇದಕ್ಕಿಂತ ದಾರುಣವಾದ ಅಧ್ಯಾಯವು ಅಮೆರಿಕದಲ್ಲಿ ನಡೆಯಿತು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಫ್ರೆಡರಿಕ್ ಆಲನ್ ಅವರು ಮೂತ್ರದಲ್ಲಿ ಸಕ್ಕರೆ ಇಲ್ಲವಾಗುವವರೆಗೆ ರೋಗಿಯನ್ನು ಉಪವಾಸವಿಟ್ಟು, ಬಳಿಕ ಪ್ರಾಣ ನಿಲ್ಲುವಷ್ಟೇ ಆಹಾರ ಕೊಡುವ ಪದ್ಧತಿಯನ್ನು 1910ರ ದಶಕದಲ್ಲಿ ಬಳಕೆಗೆ ತಂದರು. ಸ್ಥೂಲಕಾಯದ ವಯಸ್ಕರಿಗೆ ಅದು ಹಿತವಾಗಿದ್ದಿರಬಹುದು. ಆದರೆ ಇನ್ಸುಲಿನ್ ಎಂಬುದೇ ದೇಹದಲ್ಲಿ ಉತ್ಪತ್ತಿಯಾಗದ ಮಕ್ಕಳಿಗೂ ಅದೇ ಪಥ್ಯ! ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳು ಎಲಿಜಬೆತ್ ಮೂರು ವರ್ಷ ಹೀಗೆ ಬದುಕಿ, 1922ರ ಆಗಸ್ಟ್‌ನಲ್ಲಿ, ಹದಿನೈದರ ಹೊಸ್ತಿಲಿನಲ್ಲಿ, ಕೇವಲ 45 ಪೌಂಡ್, ಅಂದರೆ ಸುಮಾರು 20 ಕಿಲೊ ತೂಗುತ್ತಿದ್ದಳು. ಹಿಂದಿನ ವರ್ಷವಷ್ಟೇ ಟೊರೊಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಅವರ ಸಹೋದ್ಯೋಗಿಗಳು ಬೇರ್ಪಡಿಸಿದ್ದ ಇನ್ಸುಲಿನ್ ಅವಳನ್ನು ಉಳಿಸಿತು. ಆಕೆ 1981ರವರೆಗೆ ಬಾಳಿದರು. ಹಸಿದುಕೊಂಡಾದರೂ ಆ ದಿನದವರೆಗೆ ಜೀವ ಹಿಡಿದಿದ್ದುದರಿಂದಲೇ ಬದುಕಿದರೆಂಬುದೂ ನಿಜ. ಕಾಯುತ್ತಲೇ ಕಣ್ಮುಚ್ಚಿದ ಮಕ್ಕಳ ಸಂಖ್ಯೆ ದೊಡ್ಡದು.

ಎರಡು ಬಗೆಯ ರೋಗಗಳನ್ನು ಒಂದೇ ಹೆಸರಿನಿಂದ ಕರೆದದ್ದರ ಬೆಲೆ ಇದು. 1936ರಲ್ಲಿ ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ಅವರು, ಕೆಲವು ರೋಗಿಗಳ ದೇಹವು ಇನ್ಸುಲಿನ್‌ಗೆ ಸ್ಪಂದಿಸುತ್ತದೆ, ಇನ್ನು ಕೆಲವರದು ಅಷ್ಟಾಗಿ ಸ್ಪಂದಿಸುವುದಿಲ್ಲ ಎಂದು ಪ್ರಯೋಗದಿಂದ ತೋರಿಸುವವರೆಗೆ ಸುಶ್ರುತನ ವಿಂಗಡಣೆಗೆ ಆಧುನಿಕ ವೈದ್ಯದಲ್ಲಿ ಗಟ್ಟಿಯಾದ ಆಧಾರ ದೊರೆತಿರಲಿಲ್ಲ.

ಸ್ಥೂಲತೆಯ ಅಪಾಯವನ್ನು ಬಾಸ್ಟನ್ನಿನ ಎಲಿಯಟ್ ಜಾಸ್ಲಿನ್ ಅವರು 1921ರಲ್ಲೇ ಎತ್ತಿ ಹೇಳಿದ್ದರು. ಒಂದು ಹಳ್ಳಿಯ ಬೀದಿಯಲ್ಲಿ ಸಾಲಾಗಿದ್ದ ಮೂರು ಮನೆಗಳಲ್ಲಿ ವಾಸವಾಗಿದ್ದ ಏಳು ಮಂದಿ ಯಜಮಾನ ಯಜಮಾನಿಯರಲ್ಲಿ ಆರು ಮಂದಿ ಮಧುಮೇಹದಿಂದ ಮಡಿದರು. ಅದು ಅಂಟುಜಾಡ್ಯವಾಗಿದ್ದರೆ ಊರೇ ಎಚ್ಚೆತ್ತು ಕಾರಣ ಹುಡುಕುತ್ತಿತ್ತಲ್ಲವೇ ಎಂಬುದು ಅವರ ಅಳಲು. ಎರಡು ಮಹಾಯುದ್ಧಗಳ ಕಾಲದಲ್ಲಿ ಆಹಾರದ ಕೊರತೆಯಿದ್ದ ಯೂರೋಪಿನ ನಗರಗಳಲ್ಲಿ ಮಧುಮೇಹದ ಸಾವುಗಳು ಇಳಿದುದೂ ದಾಖಲಾಯಿತು. ಆದರೂ 1950ರ ದಶಕದಲ್ಲಿ ಮಾತ್ರೆಗಳು ಬಂದ ಮೇಲೆ ಪಥ್ಯವು ಗೋಡೆಗೆ ಅಂಟಿಸಿದ ಪಟ್ಟಿಯಾಯಿತು. ರೋಗವು ಒಮ್ಮೆ ಬಂದರೆ ಹೋಗದು, ವರ್ಷವರ್ಷಕ್ಕೂ ಮಾತ್ರೆ ಹೆಚ್ಚುವುದೇ ಅದರ ಗತಿ ಎಂಬ ನಂಬಿಕೆ ಬೇರೂರಿತು.

ಆ ನಂಬಿಕೆಯನ್ನು ಅಲುಗಿಸಿದವರು ಶಸ್ತ್ರವೈದ್ಯರು. ಅಮೆರಿಕದ ವಾಲ್ಟರ್ ಪೋರೀಸ್ ಮತ್ತು ಸಂಗಡಿಗರು, ಬೊಜ್ಜಿಗಾಗಿ ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮಧುಮೇಹಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಯ ಸಕ್ಕರೆಯು ಸಹಜ ಮಟ್ಟಕ್ಕೆ ಇಳಿದುದನ್ನು 1995ರಲ್ಲಿ ವರದಿ ಮಾಡಿದರು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ರಾಯ್ ಟೇಲರ್ ಅವರು ಇದರ ಬಗ್ಗೆ ಬೇರೆಯಾಗಿ ಯೋಚಿಸಿದರು. ಗುಣ ಕೊಟ್ಟದ್ದು ಕತ್ತರಿಯೋ, ಊಟ ನಿಂತದ್ದೋ? 2011ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 11 ಮಂದಿಗೆ ಎಂಟು ವಾರ ದಿನಕ್ಕೆ ಸುಮಾರು 600 ಕ್ಯಾಲೊರಿ ಆಹಾರ ಮಾತ್ರ ಕೊಡಲಾಯಿತು. ಒಂದೇ ವಾರದಲ್ಲಿ ಬರಿಹೊಟ್ಟೆಯ ಸಕ್ಕರೆ ಸಹಜವಾಯಿತು. ಯಕೃತ್ತಿನಲ್ಲಿ ಶೇಖರವಾದ ಕೊಬ್ಬು ಮೊದಲು ಕರಗಿತು. ನಂತರ ಮೇದೋಜೀರಕಾಂಗದ ಕೊಬ್ಬು ಇಳಿದು, ಸೋತಂತಿದ್ದ ಇನ್ಸುಲಿನ್ ಕೋಶಗಳು ಪುನಃ ಕೆಲಸಕ್ಕೆ ತೊಡಗಿದವು.

2017ರಲ್ಲಿ ಸ್ಕಾಟ್ಲೆಂಡ್ ಮತ್ತು ಉತ್ತರ ಇಂಗ್ಲೆಂಡಿನ ಸಾಮಾನ್ಯ ಚಿಕಿತ್ಸಾಲಯಗಳಲ್ಲಿ ನಡೆದ ದೊಡ್ಡ ಪ್ರಯೋಗದ ಫಲ ಹೊರಬಂತು. ಭಾಗವಹಿಸಿದವರೆಲ್ಲರೂ ರೋಗ ಬಂದು ಆರು ವರ್ಷ ಮೀರದವರು, ಇನ್ಸುಲಿನ್ ತೆಗೆದುಕೊಳ್ಳದವರು. ಪಥ್ಯ ಹಿಡಿದವರಲ್ಲಿ ನೂರಕ್ಕೆ 46 ಮಂದಿ ಒಂದು ವರ್ಷದ ಬಳಿಕ ಮಾತ್ರೆಯಿಲ್ಲದೆಯೇ ರೋಗಮುಕ್ತ ಸ್ಥಿತಿಯಲ್ಲಿದ್ದರು. 15 ಕಿಲೊ ಅಥವಾ ಹೆಚ್ಚು ತೂಕ ಕಳೆದುಕೊಂಡವರಲ್ಲಿ ಈ ಪ್ರಮಾಣ ನೂರಕ್ಕೆ 86. ಎರಡನೆಯ ವರ್ಷಕ್ಕೆ 46 ಎಂಬುದು 36ಕ್ಕೆ ಇಳಿಯಿತು. ಐದು ವರ್ಷಗಳವರೆಗೆ ಮುಂದುವರಿದ 85 ಮಂದಿಯಲ್ಲಿ ಆ ಸ್ಥಿತಿಯನ್ನು ಉಳಿಸಿಕೊಂಡವರು 11 ಮಂದಿ. ಹೋದ ತೂಕ ಮರಳಿದಾಗ ರೋಗವೂ ಮರಳಿತು. ಪೂರ್ತಿ ವಾಸಿಯಾಯಿತು ಎಂಬ ಜಾಹೀರಾತುಗಳನ್ನು ನೋಡುವಾಗ ಈ ಕೊನೆಯ ಅಂಕಿಯನ್ನು ಮರೆಯಬಾರದು. ಇನ್ನೊಂದು ಮಾತು: ಆ ಪ್ರಯೋಗದಲ್ಲಿ ಮಧುಮೇಹದ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ಮೊದಲ ದಿನವೇ ನಿಲ್ಲಿಸಿ, ವೈದ್ಯಕೀಯ ನಿಗಾವಣೆಯಲ್ಲಿ ಪಥ್ಯ ಆರಂಭಿಸಲಾಗಿತ್ತು. ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಳ್ಳುತ್ತಾ, ವೈದ್ಯರಿಗೆ ತಿಳಿಸದೆ ಊಟ ಬಿಟ್ಟರೆ ಸಕ್ಕರೆಯು ವಿಪರೀತವಾಗಿ ಕುಸಿದು ಪ್ರಾಣಕ್ಕೇ ಸಂಚಕಾರ ಬಂದೀತು.

ಇಷ್ಟನ್ನು ಓದಿದ ನೀವು, "ನಾನು ದಪ್ಪಗಿಲ್ಲವಲ್ಲ, ನನಗೇಕೆ ಈ ಕಥೆ?" ಎನ್ನಬಹುದು. 2004ರಲ್ಲಿ ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯಡ್ಕಿನ್ ತಮ್ಮಿಬ್ಬರದೇ ಛಾಯಾಚಿತ್ರವನ್ನು ಒಂದು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ಯಡ್ಕಿನ್ ಅವರ ದೇಹದಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಅವರಲ್ಲಿ 21.2! ನಮ್ಮ ಜನರ ಕೊಬ್ಬು ಕಣ್ಣಿಗೆ ಬೀಳದೆ ಒಳಗೇ ಕುಳಿತಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು 2023ರಲ್ಲಿ ಭಾರತದ ಮಧುಮೇಹಿಗಳ ಸಂಖ್ಯೆಯನ್ನು ಹತ್ತು ಕೋಟಿಗೂ ಅಧಿಕವೆಂದು ಅಂದಾಜಿಸಿತು. ಅವರಲ್ಲಿ ನೋಟಕ್ಕೆ ತೆಳ್ಳಗಿರುವವರು ಕಡಿಮೆಯೇನಲ್ಲ. ಅನ್ನ ಬಿಟ್ಟು ರಾಗಿಮುದ್ದೆ ಹಿಡಿದೆವೆಂದು ನೆಮ್ಮದಿಪಟ್ಟುಕೊಂಡು, ಒಂದರ ಮೇಲೊಂದು ಮುದ್ದೆ ನುಂಗುವವರನ್ನು ನಾವೆಲ್ಲ ಬಲ್ಲೆವು. ರಾಗಿಯ ಪಿಷ್ಟವೂ ಕಡೆಗೆ ಸಕ್ಕರೆಯೇ ಆಗುವುದು. ಬುಶಾರ್ದಾ ಕೇಳುತ್ತಿದ್ದುದು ಮುಖ್ಯವಾಗಿ ಅಳತೆಯನ್ನು.

ತೆಳ್ಳಗಿನ ರೋಗಿಗಳ ಪ್ರಶ್ನೆಯನ್ನೂ ಟೇಲರ್ ಕೈಬಿಡಲಿಲ್ಲ. 2023ರಲ್ಲಿ ಪ್ರಕಟವಾದ ಅವರ ಮತ್ತೊಂದು ಅಧ್ಯಯನದಲ್ಲಿ ಸ್ಥೂಲರಲ್ಲದ 20 ಮಂದಿ ಮಧುಮೇಹಿಗಳು ಹಂತಹಂತವಾಗಿ ತೂಕ ಇಳಿಸಿದರು. ಅವರಲ್ಲಿ 14 ಮಂದಿ ಮಾತ್ರೆಯಿಲ್ಲದೆ ಸಹಜ ಸಕ್ಕರೆಯನ್ನು ಪಡೆದರು. ಅದಕ್ಕಾಗಿ ಕಳೆದುಕೊಂಡದ್ದು ದೇಹತೂಕದ ಸುಮಾರು ಹತ್ತನೆಯ ಒಂದು ಭಾಗ. 65 ಕಿಲೊ ತೂಗುವವರ ಲೆಕ್ಕದಲ್ಲಿ ಆರೂವರೆ ಕಿಲೊ.