ಡ್ಯಾಂ ನೀರಿನ ಮೀನು, ಕ್ಯಾಂಪಿನ ಪುಲುಸು

ಶ್ರೀರಾಮನಗರಕ್ಕೆ ಸಮುದ್ರ ಬಹಳ ದೂರ. ಪಡುವಣಕ್ಕೆ ಕಾರವಾರ, ಮೂಡಣಕ್ಕೆ ಮಚಲಿಪಟ್ಟಣ. ಯಾವುದಕ್ಕೆ ಹೊರಟರೂ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ಹಾಗಿದ್ದೂ ಮಧ್ಯಾಹ್ನದ ಹೊತ್ತಿಗೆ ಇಲ್ಲಿನ ಮೆಸ್ಸುಗಳಿಂದ ಏಳುವ ಮೀನಿನ ಪುಲುಸಿನ, ಅಂದರೆ ಹುಳಿ ಸಾರಿನ, ವಾಸನೆ ಕಡಲೂರಿನವರನ್ನೂ ನಿಲ್ಲಿಸುವಂಥದ್ದು. ಗಂಗಾವತಿ ಸೀಮೆಯ ಬೆದ್ದಲು ಹೊಲದ ಮನೆಯಲ್ಲಿ ಹುಟ್ಟಿ, ಈ ಊರಿನ ಮಕ್ಕಳಿಗೆ ಕನ್ನಡ ಕಲಿಸುತ್ತಲೇ ನಿವೃತ್ತನಾದವನು ನಾನು. ಕಡಲೇ ಇಲ್ಲದ ನಾಡಿಗೆ ಈ ಊಟ ಎಲ್ಲಿಂದ ಬಂತು ಎಂಬುದನ್ನು ಯಾರಾದರೂ ಬರೆದಿಡಬೇಕು ಎಂದು ಬಹಳ ದಿನದಿಂದ ಅನ್ನಿಸುತ್ತಿತ್ತು.

ಚಿಕ್ಕಂದಿನಲ್ಲಿ ನಮ್ಮ ಮನೆಯ ಊಟವೆಂದರೆ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿ. ಮೀನು ಹೊಳೆಸಾಲಿನವರ ಪಾಲು. ಆನೆಗೊಂದಿ, ಸಣಾಪುರ, ಚಿಕ್ಕಜಂತಕಲ್ಲಿನಂಥ ಊರುಗಳ ಬೆಸ್ತರು, ಅಂಬಿಗರು ತುಂಗಭದ್ರೆಯಲ್ಲಿ ಬಲೆ ಬೀಸುತ್ತಿದ್ದರು, ಹರಿಗೋಲು ಹಾಕುತ್ತಿದ್ದರು. ಆ ಹರಿಗೋಲಿನ ಬಗ್ಗೆ ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿದ್ದಾನೆ. ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ, ಬುಟ್ಟಿಯಂತೆ ದುಂಡಗಿನ ದೋಣಿ. ಹದಿನೈದಿಪ್ಪತ್ತು ಜನರನ್ನು ಹೊರುತ್ತದೆ, ಬೇಕೆಂದರೆ ಕುದುರೆ, ಎತ್ತುಗಳನ್ನೂ. ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತದೆ. ಚರ್ಮ ಹೋಗಿ ಡಾಂಬರು ಬಳಿದ ಪ್ಲಾಸ್ಟಿಕ್ ಚೀಲ ಬಂದಿದೆ ಎಂಬುದನ್ನು ಬಿಟ್ಟರೆ ಆ ಬರಹ ಇವತ್ತಿನ ಹರಿಗೋಲಿಗೂ ಒಪ್ಪುತ್ತದೆ.

ಇನ್ನೂ ಹಿಂದೆ ಹೋದರೆ 12ನೇ ಶತಮಾನದ ಕಲ್ಯಾಣ ಸಿಗುತ್ತದೆ. ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮೀನು ಹಿಡಿಯುವ ವಿನೋದಕ್ಕೇ ಒಂದು ಭಾಗ ಇಟ್ಟಿದ್ದಾನೆ. ಯಾವ ಮೀನಿಗೆ ಯಾವ ಎರೆ ಎಂಬುದರಿಂದ ಹಿಡಿದು, ಮೀನನ್ನು ತುಂಡು ಮಾಡಿ ತೊಳೆದು ಹುಣಸೆ ರಸದಲ್ಲಿ ಬೇಯಿಸುವವರೆಗೆ ಎಲ್ಲವೂ ಅದರಲ್ಲಿದೆ. ಹುಣಸೆ ಹುಳಿಯ ಮೀನು ಆಂಧ್ರದವರು ತಂದ ರುಚಿ ಎಂದು ನಮ್ಮವರು ಹೇಳುವಾಗಲೆಲ್ಲ ನನಗೆ ಈ ಅರಸನ ನೆನಪಾಗುತ್ತದೆ. ಕಲ್ಯಾಣದ ಅಡುಗೆಮನೆಯಲ್ಲಿ ಅದು ಎಂಟುನೂರು ವರ್ಷದ ಹಿಂದೆಯೇ ಇತ್ತು.

ನಮ್ಮ ಸೀಮೆಯ ತಟ್ಟೆ ಬದಲಾದದ್ದು ಮಾತ್ರ ಡ್ಯಾಂನಿಂದಲೇ. 1945ರ ಫೆಬ್ರುವರಿ 28ರಂದು ತುಂಗಭದ್ರೆಯ ಎರಡೂ ದಂಡೆಗಳಲ್ಲಿ ಅಡಿಗಲ್ಲು ಬಿತ್ತು; ಬಲದಂಡೆ ಮದ್ರಾಸ್ ಪ್ರಾಂತ್ಯದ್ದು, ಎಡದಂಡೆ ನಿಜಾಮರದ್ದು. ಕಟ್ಟಿ ಮುಗಿಯುವ ಹೊತ್ತಿಗೆ ನಿಜಾಮರ ಆಳ್ವಿಕೆಯೂ ಇರಲಿಲ್ಲ, ಬ್ರಿಟಿಷರದ್ದೂ ಇರಲಿಲ್ಲ. 1953ರಲ್ಲಿ ಕಾಲುವೆಗೆ ನೀರು ಬಂತು. ಸಿಮೆಂಟಿನ ಬದಲು ಸುರ್ಕಿ ಗಾರೆಯಲ್ಲಿ ಕಟ್ಟಿದ ಆ ಗೋಡೆಯ ಹಿಂದೆ 378 ಚದರ ಕಿಲೋಮೀಟರ್ ಅಗಲದ ನೀರು ನಿಂತಿತು. ನಾರಾಯಣದೇವರಕೆರೆಯಂಥ ಊರುಗಳು ಅದರಡಿ ಮುಳುಗಿ ಹೋದವು. ಜನ ಬಾಳಿದ ಓಣಿಗಳಲ್ಲಿ ಮೀನು ಬೆಳೆಯತೊಡಗಿದವು.

ಮುನಿರಾಬಾದಿನಿಂದ ಹೊರಟು ರಾಯಚೂರಿನ ಕಡೆಗೆ 227 ಕಿಲೋಮೀಟರ್ ಹರಿಯುವ ಎಡದಂಡೆ ಕಾಲುವೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನು ಲೆಕ್ಕಕ್ಕಿಟ್ಟು ಮಾಡಿದ್ದು. ನಮ್ಮ ರೈತರಿಗೆ ನೀರಾವರಿಯ ಗದ್ದೆ ಮಾಡಿ ಗೊತ್ತಿರಲಿಲ್ಲ. ಹೊಲ ಸಮ ಮಾಡಲು, ಬದು ಹಾಕಲು ಕೈಯಲ್ಲಿ ದುಡ್ಡೂ ಇರಲಿಲ್ಲ. ಆಗ ಬಂದವರು ಗೋದಾವರಿ, ಕೃಷ್ಣಾ ಮುಖಜ ಭೂಮಿಯ ರೈತರು. ಅಲ್ಲಿ ತುಂಡು ಗದ್ದೆ ಮಾರಿದ ಹಣಕ್ಕೆ ಇಲ್ಲಿ ಎಕರೆಗಟ್ಟಲೆ ಎರೆಹೊಲ ಸಿಗುತ್ತಿತ್ತು. ಕಾಲುವೆ ಪಕ್ಕ ಗುಡಿಸಲು ಹಾಕಿಕೊಂಡರು. ಆ ಬೀಡುಗಳಿಗೆಲ್ಲ ಕ್ಯಾಂಪು ಎಂದೇ ಹೆಸರಾಯಿತು. ಹೀಗೆ ಬಂದು ನೆಲೆಸಿದವರಿಂದ ಬೆಳೆದ ಊರು ಶ್ರೀರಾಮನಗರ. ಅವರ ದುಡಿಮೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೇಲ್ಭಾಗದಲ್ಲೆಲ್ಲ ಭತ್ತ ಹರಡಿ ಕೆಳಭಾಗದ ರೈತ ನೀರಿಗೆ ಬಾಯಿ ಬಿಡುವಂತಾಯಿತು, ಹೊಲ ಮಾರಿದ ಎಷ್ಟೋ ಮನೆಗಳು ಅದೇ ಹೊಲಕ್ಕೆ ಕೂಲಿಗೆ ಹೋದವು ಎಂಬುದೂ ಅಷ್ಟೇ ನಿಜ. ಊಟದ ಚರಿತ್ರೆ ಬರೆಯುವಾಗ ಇದನ್ನು ಬಿಟ್ಟರೆ ಅನ್ಯಾಯವಾಗುತ್ತದೆ.

ಬಂದವರು ಮೀನು ತಿಂದು ಬೆಳೆದವರು. ಮಳೆಗಾಲದಲ್ಲಿ ಸಮುದ್ರದಿಂದ ಗೋದಾವರಿಗೆ ಏರಿ ಬರುವ ಪುಲಸ ಮೀನನ್ನು ತಾಳಿ ಮಾರಿಯಾದರೂ ತಿನ್ನಬೇಕು ಎಂಬುದು ಅವರ ಕಡೆಯ ಗಾದೆ. ಇಲ್ಲಿ ಪುಲಸ ಎಲ್ಲಿಂದ ಬರಬೇಕು? ಕಾಲುವೆಯ, ಕೆರೆಯ, ಡ್ಯಾಂನ ಮೀನಿಗೇ ಆ ಮಸಾಲೆ ಒಗ್ಗಿಸಿಕೊಂಡರು. ಹುಣಸೆ, ಒಣಮೆಣಸಿನಕಾಯಿ, ಹುರಿದ ಮೆಂತ್ಯ. ಒಮ್ಮೊಮ್ಮೆ ಬೆಂಡೆಕಾಯಿ, ಬೇಸಿಗೆಯಲ್ಲಿ ಮಾವಿನಕಾಯಿ. ಅಗಲ ಬಾಯಿಯ ಪಾತ್ರೆಗೆ ಸೌಟು ಹಾಕದೆ, ಎರಡೂ ಕಿವಿ ಹಿಡಿದು ಅಲುಗಿಸುತ್ತ ಕುದಿಸುವುದು. ಮಾಡಿದ ದಿನಕ್ಕಿಂತ ಮರುದಿನ ಬೆಳಗ್ಗೆ ಹುಳಿ ಒಳಗಿಳಿದು ಹೆಚ್ಚು ರುಚಿ. ನನ್ನ ವಿದ್ಯಾರ್ಥಿಗಳ ತಾಯಂದಿರು ಇದನ್ನು ಡಬ್ಬಿಯಲ್ಲಿ ಕಳಿಸುತ್ತಿದ್ದರು. ನಮ್ಮ ಮನೆಯಲ್ಲಿ ಅದನ್ನು ಅನ್ನದ ಬದಲು ಕಟಿ ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿಂದೆವು. ಆ ಜೋಡಿಗೆ ಸಮನಾದದ್ದನ್ನು ನಾನು ಇವತ್ತಿಗೂ ತಿಂದಿಲ್ಲ. ಮುಂದೆ ರೈಸ್‌ಮಿಲ್ಲುಗಳು ಬಂದವು, ಹಮಾಲರು, ಲಾರಿ ಡ್ರೈವರುಗಳು, ಸುಗ್ಗಿಯ ಯಂತ್ರದವರು ಬಂದರು. ಮನೆಯ ಪುಲುಸು ಮೆಸ್ಸಿನ ಬೋರ್ಡಿಗೆ ಏರಿತು.

ವಲಸೆ ಬಂದವರು ಮೀನಿನಿಂದ ಬದುಕು ಕಟ್ಟಿಕೊಂಡದ್ದು ಇಲ್ಲಿ ಮಾತ್ರವಲ್ಲ. ಓದಲು ಕೊರಿಯಾಕ್ಕೆ ಹೋದ ನನ್ನ ಶಿಷ್ಯೆಯೊಬ್ಬಳು ಬುಸಾನ್ ಬಂದರಿನ ಜಗಲ್ಚಿ ಮೀನು ಮಾರುಕಟ್ಟೆಯ ಚಿತ್ರ ಕಳಿಸಿದ್ದಳು. ಕೆಳಗೆ ತೊಟ್ಟಿಯಲ್ಲಿ ಜೀವಂತ ಮೀನು ಆರಿಸಿದರೆ ಮೇಲಿನ ಮಹಡಿಯಲ್ಲಿ ಕೊಯ್ದು ಬಡಿಸುತ್ತಾರಂತೆ. ಆ ಮಾರುಕಟ್ಟೆ ದೊಡ್ಡದಾಗಿ ಬೆಳೆದದ್ದು 1950ರಲ್ಲಿ ಶುರುವಾದ ಕೊರಿಯಾ ಯುದ್ಧದ ಕಾಲಕ್ಕೆ. ಉಟ್ಟ ಬಟ್ಟೆಯಲ್ಲಿ ಓಡಿಬಂದ ಹೆಂಗಸರು ಹೊಟ್ಟೆಪಾಡಿಗೆ ಮೀನು ಮಾರಲು ಕೂತರು. ಅಲ್ಲಿ ಕದನ ನಿಂತದ್ದೂ 1953ರಲ್ಲೇ, ನಮ್ಮ ಕಾಲುವೆಗೆ ನೀರು ಹರಿದ ವರ್ಷ. ಅವರನ್ನು ಯುದ್ಧ ಕಿತ್ತು ತಂದಿತು, ನಮ್ಮ ಕ್ಯಾಂಪಿನವರನ್ನು ನೀರು ಕರೆತಂದಿತು. ಹೊಸ ನೆಲದಲ್ಲಿ ಮೀನು ಬೇಯಿಸಿ ಊರು ಕಟ್ಟಿದ್ದು ಎರಡೂ ಕಡೆ ಹೆಂಗಸರ ಕೈ.

ಡ್ಯಾಂ ಬಂದ ಮೇಲೆ ನಮ್ಮ ಹೊಳೆಯಲ್ಲಿ ಮೀನಿನ ಸಂತತಿಯೂ ಬದಲಾಯಿತು. ಹರಿವ ಹೊಳೆಯಲ್ಲಿ ಮೇಲಕ್ಕೆ ಈಜಿ ಮೊಟ್ಟೆಯಿಡುತ್ತಿದ್ದ ಮೀನುಗಳಿಗೆ ಅಣೆಕಟ್ಟು ಅಡ್ಡಬಂತು. ಹುಲ್ಲು ತಿಂದು ಬೆಳೆಯುತ್ತಿದ್ದ ಹರಗಿ ಅಪರೂಪವಾಯಿತು, ಮಹಸೀರ್ ಕಾಣಿಸುವುದೇ ಕಷ್ಟ. ಅವುಗಳ ಜಾಗಕ್ಕೆ ಕಟ್ಲಾ, ರೋಹು, ಮೃಗಾಲ್ ಬಂದವು. 1957ರ ಜುಲೈ 10ರಂದು ಒಡಿಶಾದ ಅಂಗುಲಿನಲ್ಲಿ ಹೀರಾಲಾಲ್ ಚೌಧುರಿ ಗೆಂಡೆಮೀನಿಗೆ ಹಾರ್ಮೋನಿನ ಚುಚ್ಚುಮದ್ದು ಕೊಟ್ಟು ಮೊಟ್ಟೆಯಿಡಿಸಿದ ಮೇಲೆ ಮರಿಗಳನ್ನು ಕೊಳದಲ್ಲೇ ಎಬ್ಬಿಸುವುದು ಸಾಧ್ಯವಾಯಿತು. ಮೊದಲು ಅವನ್ನು ನದಿಗಳಿಂದಲೇ ಸೋಸಿ ತರಬೇಕಿತ್ತು. ಇತ್ತ ಹಿನ್ನೀರಿನಲ್ಲಿ ಆಂಧ್ರದಿಂದ ವಲಸೆ ಬಂದ ಮೀನುಗಾರರು ಅಲಿವಿ ಎಂಬ ಭಾರಿ ಎಳೆಬಲೆ ಹಾಕಿ ಸಣ್ಣ ಮೀನನ್ನು ಬಾಚಿ ದಂಡೆಯಲ್ಲಿ ಒಣಗಿಸತೊಡಗಿದರು. ಆ ಬಲೆಯ ಕಣ್ಣು ತೀರ ಚಿಕ್ಕದು, ಮರಿಗಳೂ ಬರುತ್ತವೆ. ಈ ಬಲೆ ನಿಲ್ಲಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾವ ಮಡುವಿನಲ್ಲಿ ಯಾವ ತಿಂಗಳು ಯಾವ ಮೀನು ಎಂಬುದು ಹೊಳೆಸಾಲಿನ ಹಳಬರಿಗೆ ಬಾಯಿಪಾಠ. ಅದನ್ನು ಕೇಳಿ ಬರೆದಿಡುವ ಕೆಲಸವನ್ನು ನಮ್ಮ ಕಾಲೇಜುಗಳು ಈಗಲೇ ಮಾಡಬೇಕು.

ಒಳ್ಳೆಯ ಮೀನೂಟ ಎಲ್ಲಿ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ನಾನು ಬೋರ್ಡು ನೋಡಬೇಡಿ ಅನ್ನುತ್ತೇನೆ. ಈಗ ಆಂಧ್ರದ ಕೊಳಗಳಲ್ಲಿ ಸಾಕಿದ ಮೀನು ಐಸಿನ ಪೆಟ್ಟಿಗೆಯಲ್ಲಿ ಬರುತ್ತದೆ, ಕಾರವಾರ ಕಡೆಯ ಬಂಗುಡೆಯೂ ಬರುತ್ತದೆ. ಅವು ಕೆಟ್ಟವೆಂದಲ್ಲ, ಇಲ್ಲಿಯವಲ್ಲ ಅಷ್ಟೆ. ಡ್ಯಾಂನ ಮೀನೇ ಬೇಕೆಂದರೆ ಬೆಳಗ್ಗೆ ಮುನಿರಾಬಾದಿನ ಕಡೆ ಹೋಗಿ ಹರಿಗೋಲು ದಡಕ್ಕೆ ಬರುವ ತನಕ ಕಾಯಬೇಕು. ಕಿವಿರು ಎತ್ತಿ ನೋಡಿ, ಕೆಂಪಗಿರಬೇಕು. ಕಣ್ಣು ಉಬ್ಬಿ ಹೊಳೆಯಬೇಕು. ಬೆರಳಲ್ಲಿ ಒತ್ತಿದ ಗುಳಿ ಕೂಡಲೇ ಮೇಲೇಳಬೇಕು. ಹೊಳೆಗೆ ಹೊಸ ನೀರು ಬರುವ ಮುಂಗಾರಿನಲ್ಲಿ ಮಾತ್ರ ಮೊಟ್ಟೆ ತುಂಬಿದ ಮೀನನ್ನು ಕೇಳಬೇಡಿ, ಕೊಟ್ಟರೂ ಕೊಳ್ಳಬೇಡಿ.