‘ಕ್ಯಾಷ್’ ಮತ್ತು ‘ಕಾಸು’

ಆಂಗ್ಲಭಾಷೆಯ ‘ಕ್ಯಾಷ್’ ಶಬ್ದವು ನಮ್ಮ ‘ಕಾಸಿ’ನಿಂದಲೇ ಹುಟ್ಟಿತೆಂದು ಅಭಿಮಾನದಿಂದ ಹೇಳುವವರುಂಟು. ಈ ಮಾತು ಅರ್ಧಸತ್ಯ. ಆ ಭಾಷೆಯಲ್ಲಿ ಒಂದೇ ರೂಪದ ಎರಡು ಶಬ್ದಗಳಿವೆ.

ನಗದು ಹಣವೆಂಬ ಅರ್ಥದ ಶಬ್ದಕ್ಕೆ ಮೂಲವು ಪೆಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ‘ಕಾಪ್ಸಾ’. ಅದರಿಂದ ಇಟಾಲಿಯನ್ನಿನ ‘ಕಾಸ್ಸಾ’, ಫ್ರೆಂಚಿನ ‘ಕೆಸ್’ ಹುಟ್ಟಿದವು. ಆ ಮಾರ್ಗವಾಗಿ 16ನೆಯ ಶತಮಾನದ ಕೊನೆಗೆ ಶಬ್ದವು ಇಂಗ್ಲಿಷನ್ನು ಸೇರಿತು. ಪೆಟ್ಟಿಗೆಯ ಹೆಸರು ಅದರೊಳಗಿನ ಹಣಕ್ಕೂ ಸಂದಿತು. ನಗದು ಗುಮಾಸ್ತನಾದ ‘ಕ್ಯಾಷಿಯರ್’ ಇದೇ ವಂಶದವನು; ಆದರೆ ನೌಕರಿಯಿಂದ ವಜಾ ಮಾಡು ಎಂಬ ಅರ್ಥದ ‘ಕ್ಯಾಷಿಯರ್’ ಕ್ರಿಯಾಪದದ ಮೂಲವೇ ಬೇರೆ.

ಎರಡನೆಯ ‘ಕ್ಯಾಷ್’ ಸಣ್ಣ ನಾಣ್ಯದ ಹೆಸರು. ತಮಿಳು ಕನ್ನಡಗಳೆರಡರಲ್ಲಿಯೂ ಇರುವ ‘ಕಾಸು’ ಪೋರ್ಚುಗೀಸರ ನಾಲಗೆಯಲ್ಲಿ ‘ಕೈಷಾ’ ಆಗಿ ಇಂಗ್ಲಿಷರಿಗೆ ದೊರೆಯಿತು. ಪೋರ್ಚುಗೀಸಿನಲ್ಲಿ ಪೆಟ್ಟಿಗೆಗೂ ‘ಕೈಷಾ’ ಎಂದೇ ಹೆಸರು. ಭ್ರಾಂತಿಗೆ ಇದೂ ಎಡೆಗೊಟ್ಟಿತು. ಇಂಗ್ಲಿಷರು ಚೀನದ ತೂತುನಾಣ್ಯವನ್ನೂ ಹೀಗೆಯೇ ಕರೆದರು. 1818ರಲ್ಲಿ ರೂಪಾಯಿಯ ಲೆಕ್ಕ ಬರುವವರೆಗೆ ಮದರಾಸಿನಲ್ಲಿ 80 ಕಾಸಿಗೆ ಒಂದು ಹಣ, 42 ಹಣಕ್ಕೆ ಒಂದು ವರಹ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ತಾಮ್ರನಾಣ್ಯಗಳಲ್ಲಿ ಕನ್ನಡದ ‘ಕಾಸು’, ಇಂಗ್ಲಿಷಿನ ‘ಕ್ಯಾಷ್’ ಎರಡೂ ಅಚ್ಚಾಗಿವೆ.

ಧ್ವನಿಸಾಮ್ಯವೊಂದೇ ಬಂಧುತ್ವಕ್ಕೆ ಪ್ರಮಾಣವಾಗದು. ನಾಣ್ಯದ ‘ಕ್ಯಾಷ್’ ನ್ಯಾಯವಾಗಿ ನಮ್ಮದು. ಪೆಟ್ಟಿಗೆಯ ‘ಕ್ಯಾಷ್’ ಅಲ್ಲ. ಪರರ ಜಮೆಯನ್ನು ನಮ್ಮ ಖಾತೆಗೆ ಬರೆದುಕೊಂಡರೆ ಲೆಕ್ಕ ಕೂಡುವುದಿಲ್ಲ.